ಬೆನ್ನ ಹಿಂದಿನ ಕುಣಿತ

ಹತ್ತು ಗಂಟೆಯ ಸುಮಾರಿಗೆ ಬಿಸಿಲು ಬಿತ್ತು. ರಾತ್ರಿಯೆಲ್ಲ ಮಳೆ ಸುರಿದು, ಬೆಳಗಿನ ಆಕಾಶ ಹಿಂಡದೆ ಒಣಹಾಕಿದ ಕಂಬಳಿಯ ಹಾಗೆ ಜೋತುಬಿದ್ದಿದ್ದನ್ನು ನೋಡಿ ಲಮ್ಮಿಗೆ ಎಂದೂ ಇಲ್ಲದ ನೆಮ್ಮದಿಯಾಗಿತ್ತು. ಇಂಥ ದಿನ ಯಾವ ಹಾವೂ ಹೊರಗೆ ಬರುವುದಿಲ್ಲ. ಹಾವು ಬರದ ದಿನ ತಾನೂ ಎಲ್ಲರಂತೆ ಒಬ್ಬ ಸೊಸೆಯಾಗಿರಬಹುದು. ಅತ್ತೆ ರೂಲ್ಫೀನಳಿಗೆ ಇವತ್ತು ಎಂಬತ್ತಾರು ತುಂಬುತ್ತದೆ. ಮಧ್ಯಾಹ್ನ ಭಾವ ಬೆರೆಂಡ್‌ನ ಮನೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿರುತ್ತಾರೆ. ಬಂದವರು ಬಂದ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲರ ಕೈ ಕುಲುಕಿ, ಆ ಸೀಮೆಯ ಪದ್ಧತಿಯಂತೆ ಅಮ್ಮನಿಗೆ ಅಭಿನಂದನೆ, ಅತ್ತೆಗೆ ಅಭಿನಂದನೆ, ಪಕ್ಕದ ಮನೆಯವರಿಗೆ ಅಭಿನಂದನೆ ಎಂದು ಹೇಳುತ್ತ ಬಂದು ತಮ್ಮ ಕುರ್ಚಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಅಲ್ಲಿಗೆ ಅತ್ತೆಯನ್ನು ಕರೆದುಕೊಂಡು ಹೋಗುವುದು ಲಮ್ಮಿಯ ಪಾಲಿಗೆ ಬಂದ ಕೆಲಸ. ಗಂಡ ಹಾರ್ಮ್ ಕುರ್ಚಿ ಹೊರಲೆಂದು ಬೆಳಿಗ್ಗೆಯೇ ಅಣ್ಣನ ಮನೆಗೆ ಹೊರಟವನು ಬಾಗಿಲಲ್ಲಿ ನಿಂತು, “ನೇರ ಬಾ” ಎಂದಿದ್ದ. ಎರಡೇ ಮಾತು. ಅದರ ಹಿಂದೆ ಮೂವತ್ತು ಚಿಲ್ಲರೆ ವರ್ಷದ ಸಂಸಾರವಿತ್ತು. ಮದುವೆಯಾದ ವಾರವೇ ತಿರುಗಾಟಕ್ಕೆಂದು ಹೋದ ದ್ವೀಪವೊಂದರ ಮರಳುದಿಬ್ಬದಲ್ಲಿ ಅವಳು ತೇಲಿಬಂದ ಹಲಗೆಗಳನ್ನು ಎತ್ತಿ ಎತ್ತಿ ಕಪ್ಪೆ ಹುಡುಕುತ್ತಿರುವಾಗ ಅವನು ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು ಗಾಳಿಗೆ ಬೆನ್ನು ಮಾಡಿ ನಿಂತಿದ್ದ. ಅಂದಿನಿಂದ ಇಂದಿನವರೆಗೂ ಅವನು ಬೈದವನಲ್ಲ. ಬೈದಿದ್ದರೆ ಸುಲಭವಿತ್ತು.

ಈಗ ಹಿರಿಯರ ವಸತಿಯ ಎರಡನೇ ಮಹಡಿಯ ಕೋಣೆಯಲ್ಲಿ, ಅತ್ತೆಯ ಹೊಸ ರವಿಕೆಯ ಕತ್ತಿನ ಹಿಂದಿನ ಗುಂಡಿ ಹಾಕುತ್ತಿದ್ದ ಅವಳ ಬೆರಳುಗಳ ಮೇಲೆ ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಬಂದು ಕೂತಿತು. ಬೆಚ್ಚಗಿತ್ತು. ಗುಂಡಿ ಕಾಜದ ಅರ್ಧದಲ್ಲೇ ನಿಂತಿತು. ಮಳೆ ಬಿದ್ದ ರಾತ್ರಿ, ಗಾಳಿ ಇಲ್ಲ, ಮೇ ತಿಂಗಳ ಮೊದಲ ವಾರ, ಗಂಡು ಹಾವುಗಳು ಪೊರೆ ಬಿಟ್ಟು ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿರುವ ಕಾಲ. ಇವತ್ತು ಕುಣಿಯುತ್ತವೆ. ಇವತ್ತಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ಹೊಟ್ಟೆಯೊಳಗೆ ಯಾರೋ ಹೇಳಿದರು. ಆ ಯಾರೋ ಪ್ರತಿ ವರ್ಷ ಹಾಗೇ ಹೇಳುತ್ತಿದ್ದರು. ಆಡರ್ ಎಂದು ಆ ಸೀಮೆಯವರು ಕರೆಯುವ ಗಿಡ್ಡ ವಿಷದ ಹಾವು, ಬೆನ್ನ ಮೇಲೆ ಅಂಕುಡೊಂಕಾದ ಕಪ್ಪು ಗೆರೆ. ವಸಂತದಲ್ಲಿ ಒಂದು ಹೆಣ್ಣಿಗಾಗಿ ಎರಡು ಗಂಡು ಎದೆಯೆತ್ತಿ, ಹೆಣೆದುಕೊಂಡು, ಒಂದನ್ನೊಂದು ನೆಲಕ್ಕೆ ಒತ್ತಲು ನೋಡುತ್ತವೆ. ಕಚ್ಚುವುದಿಲ್ಲ. ಸುಮ್ಮನೆ ಏಳುತ್ತವೆ, ಬಾಗುತ್ತವೆ, ಏಳುತ್ತವೆ. ಹಾಗಂತ ಓದಿದ್ದಳು. ಏಳು ವರ್ಷದವಳಿದ್ದಾಗ ಅಪ್ಪನ ಕೊಟ್ಟಿಗೆಯ ಹಿಂದೆ ಬಿದ್ದಿದ್ದ ತಗಡನ್ನು ಎತ್ತಿ, ಅದರಡಿಯಲ್ಲಿ ಹಿತ್ತಾಳೆಯ ಬಣ್ಣದ ಕಾಲಿಲ್ಲದ ಓತಿಯೊಂದನ್ನು ಕಂಡು ಉಸಿರು ಬಿಗಿಹಿಡಿದ ದಿನದಿಂದ ಈ ಐವತ್ತೊಂಬತ್ತರವರೆಗೆ ಅವಳು ಎತ್ತದ ತಗಡಿಲ್ಲ, ಬಗ್ಗಿ ನೋಡದ ಹೊಂಡವಿಲ್ಲ. ಹಾವು ಈಜುವುದನ್ನು ಕಂಡಿದ್ದಾಳೆ, ಹಾವು ಕಪ್ಪೆಯನ್ನು ನುಂಗಲಾರದೆ ಉಗುಳಿ ಅವಮಾನಗೊಂಡದ್ದನ್ನು ಕಂಡಿದ್ದಾಳೆ, ಹಿಡಿದ ಕೂಡಲೇ ಬಾಯಿ ತೆರೆದು ನಾಲಗೆ ಇಳಿಬಿಟ್ಟು ಸತ್ತಂತೆ ನಟಿಸುವ ನೀರುಹಾವಿನ ನಾಟಕವನ್ನು ಕಂಡಿದ್ದಾಳೆ. ಕುಣಿತ ಮಾತ್ರ ಕಂಡಿಲ್ಲ. ಕುಣಿಯುವ ದಿನ ಯಾವಾಗಲೂ ಮನೆಯಲ್ಲಿ ಏನಾದರೊಂದು ಇರುತ್ತಿತ್ತು.

“ಸೊಸೆಮ್ಮ, ಗುಂಡಿ ಹಾಕ್ತಿದೀಯೋ, ಕುತ್ತಿಗೆ ಹಿಸುಕ್ತಿದೀಯೋ?”

“ಹಾಕ್ದೆ ಅತ್ತೆ, ಆಯ್ತು.”

“ಆಯ್ತು ಅಂತ ಕಿಟಕಿಗೆ ಹೇಳ್ತಿದೀಯ.” ರೂಲ್ಫೀನ ಕನ್ನಡಿಯಲ್ಲಿ ಅವಳ ಮುಖವನ್ನು ನೋಡುತ್ತಿದ್ದಳು. ಮುಖದ ಚರ್ಮವೆಲ್ಲ ಸಡಿಲವಾದರೂ ಕಣ್ಣು ಮಾತ್ರ ಅಂಗಡಿಯ ಗಲ್ಲಾದ ಹಿಂದೆ ಕೂತವರ ಕಣ್ಣು. ನಲವತ್ತು ವರ್ಷ ಊರಿನ ಚಪ್ಪಲಿ ಅಂಗಡಿ ನಡೆಸಿದವಳು, ಗಿರಾಕಿಗೆ ಎಲ್ಲಿ ಕಚ್ಚುತ್ತದೆ ಎಂದು ಮುಖ ನೋಡಿ ಹೇಳುತ್ತಿದ್ದಳು. “ಹಾವಾ?”

ಲಮ್ಮಿ ಕೆಂಪಾದಳು. ಈ ವಯಸ್ಸಿನಲ್ಲೂ ಕಿವಿಯವರೆಗೆ ಕೆಂಪಾಗುವುದನ್ನು ಅವಳ ಮೈ ಬಿಟ್ಟಿರಲಿಲ್ಲ. “ಅಯ್ಯೋ, ಇಲ್ಲ. ಇವತ್ತು ನಿಮ್ಮ ಹುಟ್ಟಿದ ದಿನ.”

“ನನ್ನ ಹುಟ್ಟಿದ ದಿನ ಅಂತ ಹಾವಿಗೆ ಗೊತ್ತಾ?” ಮುದುಕಿ ವಾಕರಿನ ಹಿಡಿಗಳನ್ನು ಹಿಡಿದು ಎದ್ದು ನಿಂತಳು. “ನೋಡು, ಬೆರೆಂಡನ ಮನೆಗೆ ಈಗ ಹೋದ್ರೆ ಆ ಟ್ರೂಡ ನನ್ನ ದೊಡ್ಡ ಕುರ್ಚಿಲಿ ಕೂರಿಸಿ, ಕಾಲ ಮೇಲೊಂದು ಹೊದಿಕೆ ಹಾಕಿ, ಜನ ಬರೋ ತನಕ ಹೂದಾನಿ ಥರ ಇಟ್ಟಿರ್ತಾಳೆ. ಅವನ ಹೆಂಡ್ತಿ ಒಳ್ಳೆಯವಳೇ, ಅದೇ ತೊಂದ್ರೆ. ನಡಿ, ನಿನ್ನ ಹಾವು ನೋಡ್ಕೊಂಡು ಹೋಗೋಣ.”

“ನಾವಾ?”

“ನನ್ನ ಬಿಟ್ಟು ಹೋಗೋ ಪ್ಲಾನಾ?”

ಹೌದು ಎಂದು ಹೇಳುವುದು ಹೇಗೆ? ಲಮ್ಮಿ ಯಾರನ್ನೂ ಜೊತೆಗೆ ಕರೆದುಕೊಂಡು ಹೋದವಳಲ್ಲ. ಹಾವು ಹುಡುಕುವುದು ಅವಳಿಗೆ ಬೇರೆಯವರಿಗೆ ಪ್ರಾರ್ಥನೆಯೋ ಸಿಗರೇಟೋ ಇದ್ದ ಹಾಗೆ. ಆಗ ಮುಖದ ಮೇಲೆ ಏನು ಮೂಡುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ, ಅದನ್ನು ಮತ್ತೊಬ್ಬರು ನೋಡುವುದು ಬೇಕಿರಲಿಲ್ಲ. ಕಾರು ಹೊರಟಾಗಲೂ ಅವಳು ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು: ಅತ್ತೆಯನ್ನು ಕಾರಿನಲ್ಲೇ ರೇಡಿಯೋ ಹಾಕಿ ಕೂರಿಸಿ ಒಂದೇ ಒಂದು ಗಳಿಗೆ ಹಾವುಗಳ ದಿಬ್ಬದವರೆಗೆ ಹೋಗಿ ಬರುವುದು. ಈ ಯೋಚನೆ ಬಂದದ್ದಕ್ಕೆ ನಾಚಿಕೆಯಾಗಿ ಅವಳು ಅನಗತ್ಯವಾಗಿ, “ಕಿಟಕಿ ಇಳಿಸ್ಲಾ? ಚಳೀನಾ? ಪೆಪ್ಪರ್‌ಮೆಂಟ್ ಬೇಕಾ?” ಎಂದು ಒಂದರ ಹಿಂದೊಂದು ಕೇಳಿದಳು. “ಬೇಕು” ಎಂದಳು ರೂಲ್ಫೀನ ಮೂರಕ್ಕೂ ಸೇರಿಸಿ. ಹಳ್ಳಿ ಮುಗಿದು, ಕಾಲುವೆ ದಾಟಿ, ಹೈಡೆ ಎಂದು ಕರೆಯುವ ಬೀಳುಭೂಮಿ ಶುರುವಾಯಿತು. ಹೋದ ವರ್ಷದ ಒಣಗಿದ ಹೀದರ್ ಗಿಡಗಳ ಕಂದು ಬಯಲು, ಅಲ್ಲೊಂದು ಇಲ್ಲೊಂದು ಗುಂಪುಗಟ್ಟಿ ನಿಂತ ಜುನಿಪರ್ ಪೊದೆ, ಹೊಂಡಗಳಲ್ಲಿ ಆಕಾಶ. ನೆಲದಿಂದ ಹಬೆ ಏಳುತ್ತಿತ್ತು. ಹಬೆ ಏಳುವ ಈ ನೆಲ ಕಂಡಾಗಲೆಲ್ಲ ಲಮ್ಮಿಗೆ ಮಗಳು ನೆನಪಾಗುತ್ತಾಳೆ. ಮಗಳ ಮೊದಲ ಈಜು ಪರೀಕ್ಷೆಯ ದಿನ ಇದೇ ಹೊಂಡಗಳಲ್ಲಿ ಗಂಡು ಕಪ್ಪೆಗಳು ನೀಲಿಯಾಗಿದ್ದವು. ವರ್ಷಕ್ಕೆ ಎರಡು ಮೂರು ದಿನ ಅಷ್ಟೇ, ಆಕಾಶದ ತುಂಡುಗಳು ಬಿದ್ದು ಗುಳುಗುಳು ಎನ್ನುತ್ತಿರುವ ಹಾಗೆ. ಐದೇ ನಿಮಿಷ ಎಂದು ನಿಂತವಳು ಈಜುಕೊಳಕ್ಕೆ ಹೋದಾಗ ಮಗು ತಲೆ ಒರೆಸಿಕೊಂಡು, ಸರ್ಟಿಫಿಕೇಟು ಹಿಡಿದುಕೊಂಡು, ಬಟ್ಟೆ ತೊಟ್ಟು ನಿಂತಿತ್ತು. “ಅಮ್ಮ, ನೀಲಿ ಇದ್ವಾ?” ಎಂದು ಕೇಳಿತ್ತು. ಅದರಲ್ಲಿ ಕೊಂಕೇನೂ ಇರಲಿಲ್ಲ. ಕೊಂಕಿಲ್ಲದ ಆ ಪ್ರಶ್ನೆ ಇಷ್ಟು ವರ್ಷವಾದರೂ ಅವಳ ಪಕ್ಕೆಯಲ್ಲಿ ಮುಳ್ಳಿನ ಹಾಗೆ ಉಳಿದಿದೆ. ಮಗಳು ಅದನ್ನು ಎಂದೋ ಮರೆತಿದ್ದಾಳೆ.

ಸೈಕಲ್ ದಾರಿಯ ಪಕ್ಕದಲ್ಲೇ ಆ ದಿಬ್ಬ. ಹಿಂದಿನ ಕಾಲದವರು ಕುರಿ ಬರದಂತೆ ಕಟ್ಟಿದ ಮಣ್ಣಿನ ಏರಿ, ಈಗ ಜರಿಗಿಡ ಬೆಳೆದು ಒಣಗಿ ಹಾಸಿಗೆಯಾಗಿದೆ, ದಕ್ಷಿಣದ ಬಿಸಿಲು ನೇರ ಬೀಳುತ್ತದೆ. ಕಪ್ಪೆಚಿಪ್ಪಿನ ಪುಡಿ ಹಾಸಿದ ದಾರಿಯ ಮೇಲೆ ಅತ್ತೆಯ ವಾಕರ್ ಕರಕರ ಎಂದು ಹೊರಟಿತು. ಲಮ್ಮಿಗೆ ಹಲ್ಲು ಜುಮ್ಮೆಂದಿತು. “ಸ್ವಲ್ಪ ಮೆಲ್ಲಗೆ ಅತ್ತೆ. ಅವಕ್ಕೆ ಕಿವಿ ಕೇಳಲ್ಲ, ನೆಲ ಅದುರಿದ್ರೆ ಗೊತ್ತಾಗತ್ತೆ.” “ನನ್ನ ಥರಾನೇ” ಎಂದಳು ಅತ್ತೆ, ಮತ್ತಷ್ಟು ಜೋರಾಗಿ. “ಮಾತಾಡಬಹುದು ಅಂದ್ರೆ ಮಾತಾಡ್ತೀನಪ್ಪ.” ಮಾತಾಡಿದಳು ಕೂಡ. ವಸತಿಯ ಸೂಪಿನಲ್ಲಿ ಉಪ್ಪಿಲ್ಲದ್ದು, ಎದುರು ಕೋಣೆಯ ಯಜಮಾನರು ಇಸ್ಪೀಟಿನಲ್ಲಿ ಮೋಸ ಮಾಡುವುದು, ಟ್ರೂಡ ಈ ಸಲ ಕೇಕಿಗೆ ಸಕ್ಕರೆ ಕಡಿಮೆ ಹಾಕುತ್ತೇನೆಂದು ಹೆದರಿಸಿರುವುದು. ಲಮ್ಮಿ ಹ್ಞೂಂ ಹ್ಞೂಂ ಎನ್ನುತ್ತ ದಿಬ್ಬದ ಬುಡವನ್ನು ಕಣ್ಣಿನಿಂದ ಸವರುತ್ತಿದ್ದಳು. ಹುಡುಕುವುದೆಂದರೆ ನೋಡುವುದಲ್ಲ, ನೋಟವನ್ನು ಸಡಿಲ ಬಿಟ್ಟು, ತಾನಾಗಿ ಸಿಕ್ಕಿಕೊಳ್ಳುವುದಕ್ಕೆ ಕಾಯುವುದು. ಆದರೆ ಪಕ್ಕದಲ್ಲಿ ಉಪ್ಪಿಲ್ಲದ ಸೂಪು ಇರುವಾಗ ನೋಟ ಹೇಗೆ ಸಡಿಲವಾಗಬೇಕು? ಒಂದು ಓತಿ ಸರ್ರೆಂದು ಓಡಿತು. ಅಷ್ಟೇ. ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಅಳು ಬರುವಂತಾಯಿತು. ಎಂಬತ್ತಾರು ವರ್ಷದ ಹೆಂಗಸು ಒಂದು ಬೆಳಗ್ಗೆ ಹೊರಗೆ ಬಂದು ಮಾತಾಡಿದ್ದನ್ನು ಸಹಿಸದವಳು ಯಾವ ಸೀಮೆಯ ಮನುಷ್ಯಳು?

“ಇಲ್ಲೇ ಅಲ್ವಾ ಹತ್ರ, ಅವರನ್ನ ಮಣ್ಣು ಮಾಡಿದ್ದು” ಎಂದಳು ರೂಲ್ಫೀನ, ವಾಕರಿನ ಪುಟ್ಟ ಸೀಟಿನ ಮೇಲೆ ಕೂರುತ್ತ. ಮಾವನ ಮಾತು. ಬಯಲಿನಾಚೆ ಇಗರ್ಜಿಯ ಗೋಪುರ ಕಾಣುತ್ತಿತ್ತು. “ಅವತ್ತೂ ಹೀಗೇ. ಬೆಳಿಗ್ಗೆ ಮಳೆ, ಆಮೇಲೆ ಬಿಸಿಲು. ಪೆಟ್ಟಿಗೆ ಇಳಿಸುವಾಗ ಎಲ್ಲರೂ ಗುಂಡಿ ನೋಡ್ತಿದ್ರು. ನೀನೊಬ್ಳೇ ಆಕಾಶ ನೋಡ್ತಿದ್ದೆ. ನನ್ನ ಮಕ್ಕಳಿಗಿಂತ ಈ ಹುಡುಗಿಗೇ ಅವರ ಮೇಲೆ ಪ್ರೀತಿ ಅಂತ ಅಂದ್ಕೊಂಡೆ.”

ಅವತ್ತು ಮೋಡ ಸರಿದು ಶವಪೆಟ್ಟಿಗೆಯ ಹಿತ್ತಾಳೆಯ ಹಿಡಿಯ ಮೇಲೆ ಬಿಸಿಲು ಬಿದ್ದಾಗ ಲಮ್ಮಿಯ ಮನಸ್ಸಿನಲ್ಲಿ ಬಂದದ್ದು ಇಷ್ಟೇ: ಈಗ ಕುಣಿಯುತ್ತಿರುತ್ತವೆ. ಅತ್ತೆಯ ಕಣ್ಣಲ್ಲಿ ಇಪ್ಪತ್ತು ವರ್ಷ ತಾನು ಪಡೆದಿದ್ದ ಒಳ್ಳೆಯ ಹೆಸರು ಒಂದು ಹಾವಿನ ದೆಸೆಯಿಂದ ಬಂದದ್ದೆಂದು ಈಗ ತಿಳಿದು ಅವಳಿಗೆ ನಗು, ಭಯ ಎರಡೂ ಒಟ್ಟಿಗೇ ಬಂದವು. ತಲೆ ತಗ್ಗಿಸಿದಳು. ತಗ್ಗಿಸಿದ ಕಣ್ಣಿಗೆ, ದಿಬ್ಬದ ಬುಡದಲ್ಲಿ, ಜರಿಗಿಡದ ಸೊಪ್ಪಿನ ನಡುವೆ, ಸುತ್ತಿಕೊಂಡು ಮಲಗಿದ ಕಂದು ಬಣ್ಣದ ಹೆಣ್ಣು ಆಡರ್ ಸಿಕ್ಕಿಕೊಂಡಿತು. ದಪ್ಪ, ಸೋಮಾರಿ, ಬಿಸಿಲಿಗೆ ಮೈ ಚಪ್ಪಟೆ ಮಾಡಿಕೊಂಡಿತ್ತು. ಅದರ ಒಂದು ಮೊಳದಾಚೆ ಹೊಸ ಬೆಳ್ಳಿಯ ಗಂಡು. ಲಮ್ಮಿ ಅತ್ತೆಯ ಭುಜ ಹಿಡಿದು ಮೆಲ್ಲಗೆ ಅತ್ತ ತಿರುಗಿಸಿ ತೋರಿಸಿದಳು. ತೋರಿಸಬಾರದು, ಇದು ನನ್ನದು ಎಂದು ಒಳಗೊಂದು ಮಗು ಕಿರುಚುತ್ತಿದ್ದರೂ ತೋರಿಸಿದಳು.

“ಎಲ್ಲಿ? ಆ ಸಗಣಿ ಥರ ಇದೆಯಲ್ಲ, ಅದಾ?”

“ಅದೇ ಹೆಣ್ಣು. ಪಕ್ಕದಲ್ಲಿ ಗಂಡು. ಇನ್ನೊಂದು ಗಂಡು ಬಂದ್ರೆ...”

“ಬಂದ್ರೆ?”

“ಬಂದ್ರೆ ಕುಣೀತವೆ ಅತ್ತೆ.” ತನ್ನ ದನಿ ಹುಡುಗಿಯದಾಗಿದ್ದನ್ನು ಅವಳೇ ಕೇಳಿಸಿಕೊಂಡಳು. “ನಾನು ಇದುವರೆಗೂ ನೋಡಿಲ್ಲ.”

ರೂಲ್ಫೀನ ಮಾತು ನಿಲ್ಲಿಸಿದಳು. ಇಬ್ಬರೂ ಕಾದರು. ಬಿಸಿಲು ಬಲಿಯಿತು. ಒಂದು ಚಿಟ್ಟೆ ವಾಕರಿನ ಬ್ರೇಕಿನ ಮೇಲೆ ಕೂತು ಎದ್ದಿತು. ದಾರಿಯಲ್ಲಿ ಹೋದ ಸೈಕಲ್ಲಿನವರು ಏನು ನೋಡುತ್ತಿದ್ದಾರೆಂದು ಕತ್ತು ತಿರುಗಿಸಿ, ಏನೂ ಕಾಣದೆ, ಇಬ್ಬರು ಹೆಂಗಸರು ಮಣ್ಣು ನೋಡುತ್ತಿದ್ದಾರೆಂದು ನಮಸ್ಕಾರ ಹೇಳಿ ಹೋದರು. ಜೀವಮಾನದಲ್ಲಿ ಮೊದಲ ಬಾರಿ ಇನ್ನೊಬ್ಬರ ಉಸಿರಿನ ಪಕ್ಕದಲ್ಲಿ ಕಾಯುವುದು ಅಷ್ಟೇನೂ ಅಸಹ್ಯವಲ್ಲ ಎಂದು ಲಮ್ಮಿಗೆ ಅನ್ನಿಸತೊಡಗಿದ ಹೊತ್ತಿಗೆ, ಜರಿಗಿಡದ ಆ ತುದಿಯಲ್ಲಿ ಸೊಪ್ಪು ಅಲುಗಿತು. ಬೆಳ್ಳಿಯ ಎರಡನೇ ತಲೆ ಹೊರಬಂತು.

“ಲಮ್ಮಿ” ಎಂದಳು ರೂಲ್ಫೀನ.

“ಶ್... ಬಂತು.”

“ನನಗೂ ಬಂತು.”

“ಏನು?”

“ನೀರು ಹೋಗೋ ಮಾತ್ರೆ ತಗೊಂಡಿದ್ದೆ ಬೆಳಿಗ್ಗೆ. ಡಾಕ್ಟರು ಕೊಟ್ಟಿದ್ದು. ಬಂದ್ರೆ ಬಂದ ಹಾಗೇ.”

“ಒಂದು ನಿಮಿಷ ತಡ್ಕೊಳೋಕೆ...”

“ಮಗೂ, ತಡ್ಕೊಳೋ ವಯಸ್ಸಲ್ಲಿ ಅಂಗಡೀಲಿ ಇಡೀ ದಿನ ತಡ್ಕೊಂಡಿದೀನಿ. ಈಗ ಆಗಲ್ಲ. ಈಗ ಅಂದ್ರೆ ಈಗ.”

ಅತ್ತೆಯ ದನಿಯಲ್ಲಿ ಅವಳು ಎಂದೂ ಕೇಳದ ಒಂದು ನಡುಕವಿತ್ತು. ಹೊಸ ಪ್ಯಾಂಟು, ಹೊಸ ರವಿಕೆ, ಮಧ್ಯಾಹ್ನ ದುಂಡನೆಯ ಕುರ್ಚಿಗಳ ನಡುವೆ ಎಲ್ಲರ ಕಣ್ಣು. ಲಮ್ಮಿ ಹಾವಿನ ಕಡೆ ಒಮ್ಮೆ ನೋಡಿದಳು. ಮೊದಲನೆಯ ಗಂಡು ತಲೆ ಎತ್ತಿತ್ತು. ಆ ಒಂದು ಕ್ಷಣ ಅವಳು ತನ್ನನ್ನು ತಾನು ನಂಬಲಿಲ್ಲ, ಅವಳ ಕಾಲು ನಿಂತಲ್ಲೇ ಬೇರು ಬಿಟ್ಟಿತ್ತು. ಆಮೇಲೆ ಅತ್ತೆಯ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ದಾರಿ ಬಿಟ್ಟು ನಾಲ್ಕು ಹೆಜ್ಜೆಯಾಚೆ ಒಂದು ಜುನಿಪರ್ ಪೊದೆ, ಸೈಕಲ್ಲಿನವರಿಗೆ ಮರೆ. ಸೊಂಟದ ಮೂಳೆಗೆ ಲೋಹ ಹಾಕಿಸಿಕೊಂಡ ಅತ್ತೆಗೆ ಕುಕ್ಕರಿಸುವುದು ತಾನಾಗಿ ಆಗದು. ಲಮ್ಮಿ ಅವಳ ಪ್ಯಾಂಟಿನ ಇಲಾಸ್ಟಿಕ್ ಇಳಿಸಿ, ಎದುರಿಗೆ ನಿಂತು, ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು, ತಾನು ಹಿಂದಕ್ಕೆ ವಾಲಿ ಬಾವಿಯಿಂದ ಕೊಡ ಎಳೆಯುವವಳ ಹಾಗೆ ಭಾರ ತಡೆದಳು. ಅತ್ತೆ ಹಿಂದಕ್ಕೆ, ಸೊಸೆ ಹಿಂದಕ್ಕೆ, ನಡುವೆ ನಾಲ್ಕು ಕೈ. ಅತ್ತೆಯ ಮುಖ ದಿಬ್ಬದ ಕಡೆ. ಲಮ್ಮಿಯ ಬೆನ್ನು ದಿಬ್ಬದ ಕಡೆ.

“ಅಯ್ಯಯ್ಯೋ” ಎಂದಳು ರೂಲ್ಫೀನ, ಅವಳ ಭುಜದ ಮೇಲಿಂದ ಆಚೆ ನೋಡುತ್ತ.

“ಏನಾಯ್ತು? ನೋವಾ?”

“ಎದ್ದವು! ಎರಡೂ ಎದ್ದವು!”

ಲಮ್ಮಿ ಕತ್ತು ತಿರುಗಿಸಿದಳು. ಕತ್ತಿನ ಜೊತೆ ಭುಜ ತಿರುಗಿತು, ಭುಜದ ಜೊತೆ ಭಾರ ತಿರುಗಿತು, ಅತ್ತೆ ಎಡಕ್ಕೆ ವಾಲಿ “ಬಿದ್ದೆ, ಬಿದ್ದೆ!” ಎಂದು ಕೂಗಿದಳು. ಲಮ್ಮಿ ಮತ್ತೆ ನೇರವಾದಳು. ಕಣ್ಣಂಚಿಗೆ ಸಿಕ್ಕಿದ್ದು ಜುನಿಪರಿನ ಒಂದು ಕೊಂಬೆ ಮಾತ್ರ. ಮತ್ತೊಮ್ಮೆ, ತಲೆಯನ್ನಷ್ಟೇ, ಗೂಬೆಯ ಹಾಗೆ ತಿರುಗಿಸಲು ನೋಡಿದಳು. ಮನುಷ್ಯರ ಕತ್ತು ಅಷ್ಟು ತಿರುಗುವುದಿಲ್ಲ.

“ಹೇಗಿದೆ ಅತ್ತೆ? ಏನ್ ಮಾಡ್ತಿವೆ? ಹೇಳಿ!”

“ಇಬ್ರು ಕುಡುಕರು ಬಾರಿಂದ ಹೊರಗೆ ಬಂದ ಹಾಗಿದೆ. ಒಬ್ಬನ ಹೆಗಲ ಮೇಲೆ ಒಬ್ಬ. ಅಯ್ಯೋ, ಒತ್ತಿಬಿಟ್ಟ. ಇಲ್ಲ, ಮತ್ತೆ ಎದ್ದ. ಹಗ್ಗ ಹೊಸೆದ ಹಾಗೆ ಸುತ್ತಿಕೊಂಡ್ವು.”

“ಎಷ್ಟೆತ್ತರ?”

“ಇಷ್ಟೆತ್ತರ” ಎಂದು ಅತ್ತೆ ಕೈ ಬಿಡಿಸಿಕೊಳ್ಳಲು ನೋಡಿದಳು.

“ಕೈ ಬಿಡಬೇಡಿ! ಬಾಯಲ್ಲಿ ಹೇಳಿ!”

“ಗಮ್‌ಬೂಟಿನಷ್ಟು. ಹೆಂಗಸರ ಗಮ್‌ಬೂಟು, ಮೂವತ್ತೆಂಟನೇ ಸೈಜು. ಓ, ತಲೆ ನೋಡು, ತಲೆ ತೂಗ್ತಾ ಇವೆ. ಲಮ್ಮಿ, ಎಷ್ಟು ಚೆಂದ ಗೊತ್ತಾ, ಏನೋ ಮರೆತಿದ್ದನ್ನ ನೆನಪು ಮಾಡ್ಕೊಳೋ ಹಾಗೆ...” ಮಾತು ಅಲ್ಲಿಗೆ ನಿಂತಿತು. ರೂಲ್ಫೀನಳ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಕಣ್ಣು ತುಂಬ ದೊಡ್ಡದಾಗಿತ್ತು. ಒಂದು ಬೂದು ಕೂದಲು ತುಟಿಗೆ ಅಂಟಿದ್ದು ಅವಳಿಗೆ ತಿಳಿಯಲಿಲ್ಲ. ಕೆಳಗೆ ಮಾತ್ರೆ ತನ್ನ ಕೆಲಸ ಮಾಡುತ್ತಲೇ ಇತ್ತು, ಬೆಚ್ಚಗಿನ ನೀರು ಮರಳಿನ ಇಳಿಜಾರಿನಲ್ಲಿ ಹರಿದುಬಂದು ಲಮ್ಮಿಯ ಎಡಗಾಲಿನ ಬಟ್ಟೆ ಬೂಟಿನೊಳಗೆ ಇಳಿಯಿತು. ಅವಳು ಕಾಲು ಸರಿಸಲಿಲ್ಲ, ಸರಿಸಿದರೆ ಇಬ್ಬರೂ ಬೀಳುತ್ತಿದ್ದರು. ಅವಳು ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಬಿಸಿಲಿನಲ್ಲಿ ಆ ಮುಖದ ಮೇಲೆ ಏನೇನೋ ಏಳುತ್ತಿತ್ತು, ಬಾಗುತ್ತಿತ್ತು. ಓಹೋ, ಹೀಗೆ ಕಾಣಿಸುತ್ತದೆಯೋ, ಇಷ್ಟು ವರ್ಷ ಯಾರಿಗೂ ತೋರಿಸಬಾರದೆಂದು ನಾನು ಬಚ್ಚಿಟ್ಟುಕೊಂಡ ಮುಖ, ಎಂದು ಅವಳಿಗೆ ಹೊಳೆಯಿತು. ಹೊಳೆದದ್ದರಿಂದ ಹೊಟ್ಟೆಯುರಿ ಏನೂ ಕಡಿಮೆಯಾಗಲಿಲ್ಲ.

ಎಲ್ಲ ಮುಗಿಸಿ, ಒರೆಸಿ, ಎತ್ತಿ ನಿಲ್ಲಿಸಿ, ಅವಳು ತಿರುಗಿದಾಗ ಒಂದು ಒಣ ಹುಲ್ಲುಕಡ್ಡಿ ಮಾತ್ರ ಅಲ್ಲಾಡುತ್ತಿತ್ತು. ಹೆಣ್ಣು ಹಾವು ಇದ್ದಲ್ಲೇ ಇತ್ತು. ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಇನ್ನೊಮ್ಮೆ ಏಳಬಹುದೆಂದು ಲಮ್ಮಿ ಕಾದಳು. ಮೋಡ ಬಂತು. ಹೆಣ್ಣೂ ಬೇಸರದಿಂದ ಸುರುಳಿ ಬಿಚ್ಚಿ ಸೊಪ್ಪಿನೊಳಗೆ ಹೋಯಿತು.

ಕಾರಿನಲ್ಲಿ ಲಮ್ಮಿಯ ಎಡಗಾಲು ಪಚಪಚ ಎನ್ನುತ್ತಿತ್ತು. ಕಾಲುವೆಯ ಸೇತುವೆ ಬಂದಾಗ ರೂಲ್ಫೀನ, “ಈ ವಿಷಯ ಯಾರಿಗೂ ಹೇಳಬಾರ್ದು” ಎಂದಳು.

“ಹಾವಿಂದಾ?”

“ಹಾವಿಂದು ನಾನು ಹೇಳೇ ಹೇಳ್ತೀನಿ. ಇನ್ನೊಂದು. ಟ್ರೂಡಗೆ ಗೊತ್ತಾದ್ರೆ ನಾಳೆಯಿಂದ ನನಗೆ ದೊಡ್ಡವರ ಡೈಪರ್ ತಂದು ಕಪಾಟಲ್ಲಿ ಜೋಡಿಸ್ತಾಳೆ. ನಗುನಗ್ತಾ ಜೋಡಿಸ್ತಾಳೆ. ಆಣೆ ಮಾಡು.”

“ಆಣೆ” ಎಂದಳು ಲಮ್ಮಿ, ರಸ್ತೆ ನೋಡುತ್ತ. ಈ ಹೆಂಗಸಿನ ಮೇಲೆ ತನಗಿರುವುದು ಸಿಟ್ಟೋ ಇನ್ನೇನೋ ಎಂದು ತಿಳಿಯುತ್ತಿರಲಿಲ್ಲ.

ಬೆರೆಂಡನ ಮನೆಯಲ್ಲಿ ಕುರ್ಚಿಗಳಾಗಲೇ ತುಂಬಿದ್ದವು. ಹಾರ್ಮ್ ಬಾಗಿಲಿಗೆ ಬಂದು ಗಡಿಯಾರ ನೋಡಲಿಲ್ಲ, ಅವಳ ಬೂಟು ನೋಡಿದ. ಬೆರೆಂಡ್ ಆಳು ದೊಡ್ಡವನು, ನಗುವೂ ದೊಡ್ಡದು, ತಾನೇ ಮೊದಲು ನಕ್ಕು ಆಮೇಲೆ ಜೋಕು ಹೇಳುವವನು. ತಾಯಿಯನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿದ. ಟ್ರೂಡ ಹೊದಿಕೆ ಹಾಕಿದಳು. ಲಮ್ಮಿ ಒಂದು ತುದಿಯಿಂದ ಇನ್ನೊಂದು ತುದಿಗೆ ಕೈ ಕುಲುಕುತ್ತ, ಎಡಗಾಲಿನ ಸದ್ದು ಕೇಳದಂತೆ ಊರುತ್ತ, ಕೊನೆಗೆ ಕಿಟಕಿಯ ಪಕ್ಕದ ಮಡಚುಕುರ್ಚಿಯಲ್ಲಿ ಸಿಕ್ಕಿಕೊಂಡಳು. ಕಾಫಿ ಬಂತು, ಒಬ್ಬೊಬ್ಬರಿಗೆ ಒಂದೊಂದೇ ತುಂಡು ಕೇಕು ಬಂತು. ಟ್ರೂಡ ಕೇಕಿನ ತಟ್ಟೆ ಹಿಡಿದು ಅವಳ ಮುಂದೆ ಬಗ್ಗಿದವಳು ಮೂಗು ಅರಳಿಸಿದಳು.

“ಏನೋ ವಾಸನೆ ಅಲ್ವಾ?”

“ಲಮ್ಮಿ ಹಾವು ಹಿಡಿದಿರ್ತಾಳೆ!” ಎಂದ ಬೆರೆಂಡ್. “ನೆನಪಿದೆಯಾ, ಇವರ ನಿಶ್ಚಿತಾರ್ಥದ ದಿನ? ನೀರುಹಾವು ಕೈ ಮೇಲೆ ಗಬ್ಬು ಬಿಟ್ಟಿತ್ತು, ಪಾದ್ರಿಗಳು ಕೈ ಕುಲುಕಿ ಆಮೇಲೆ ಇಡೀ ಸಂಜೆ ಕೈ ಜೇಬಿಂದ ತೆಗೀಲಿಲ್ಲ!” ಎಲ್ಲರೂ ನಕ್ಕರು. ಲಮ್ಮಿಯೂ ನಕ್ಕಳು. ಇಂಥ ನಗು ಅವಳಿಗೆ ಹಳೆಯ ಕೋಟಿನ ಹಾಗೆ, ತೋಳು ಹಾಕಿದರೆ ತಾನಾಗಿ ಮೈಮೇಲೆ ಬರುತ್ತಿತ್ತು. “ಹೌದು, ಹಾವಿಂದೇ” ಎಂದಳು.

ಅಷ್ಟರಲ್ಲಿ ರೂಲ್ಫೀನ ಚಮಚದಿಂದ ಬಟ್ಟಲು ಬಡಿದಳು. ತಾನು ಇವತ್ತು ಏನು ನೋಡಿದೆನೆಂದು ಹೇಳಲು ಶುರುಮಾಡಿದಳು. ಮಳೆ, ಬಿಸಿಲು, ಸಗಣಿಯಂಥ ಹೆಣ್ಣು, ಬೆಳ್ಳಿಯ ಗಂಡುಗಳು. ಹೊದಿಕೆ ಜಾರಿ ಬಿತ್ತು, ಯಾರೂ ಎತ್ತಲಿಲ್ಲ. ಅವಳು ಎರಡೂ ಮುಂಗೈಗಳನ್ನು ಎತ್ತಿ, ಒಂದಕ್ಕೊಂದು ಹೊಸೆದು, ಬಾಗಿಸಿ, ಏಳಿಸಿ ತೋರಿಸಿದಳು. ಪಕ್ಕದ ಮನೆಯ ಮುದುಕ ಕೇಕು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನು ಮರೆತ.

“ಪರವಾಗಿಲ್ವೇ ಅಮ್ಮ!” ಎಂದ ಬೆರೆಂಡ್. “ಲಮ್ಮಿ, ನೀನು ಇಷ್ಟು ವರ್ಷ ಹುಡುಕಿದ್ದು ಇದೇ ಅಲ್ವಾ? ಹೇಗಿತ್ತು? ನೀನೂ ಹೇಳು.”

ದುಂಡಗೆ ಕೂತ ಎಲ್ಲರ ಮುಖವೂ ಅವಳ ಕಡೆ ತಿರುಗಿತು. ನೋಡಿದೆ ಎಂದುಬಿಡಬಹುದಿತ್ತು. ಸುಳ್ಳು ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಈ ಒಂದು ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ನನಗೆ ಕಾಣಿಸ್ಲಿಲ್ಲ” ಎಂದಳು.

“ಏನು?”

“ನಾನು... ಆ ಕಡೆ ನೋಡ್ತಿರ್ಲಿಲ್ಲ.”

ಒಂದು ಕ್ಷಣ ಬಿಟ್ಟು ನಗು ಸಿಡಿಯಿತು. ಬೆರೆಂಡ್ ತೊಡೆ ತಟ್ಟಿಕೊಂಡು ನಕ್ಕ. “ಜೀವನವೆಲ್ಲ ಕಲ್ಲು ಎತ್ತಿದೋಳು ಇವಳು, ನೋಡಿದ್ದು ಕನ್ನಡಕದ ಮುದುಕಿ! ಎಲ್ಲಿ ನೋಡ್ತಿದ್ದೆ ಮಾರಾಯ್ತಿ, ಮೊಬೈಲಾ?” ಹಾರ್ಮ್ ಮಾತ್ರ ನಗಲಿಲ್ಲ, ಬಟ್ಟಲು ಕೆಳಗಿಟ್ಟು ಅವಳನ್ನೇ ನೋಡಿದ. ಅವನಿಗೊಬ್ಬನಿಗೆ ಗೊತ್ತಿತ್ತು ಇದರ ಬೆಲೆ. ಲಮ್ಮಿ ಕೇಕಿನ ಮೇಲಿನ ಕೆನೆಯನ್ನು ಚಮಚದ ಬೆನ್ನಿನಿಂದ ಸಮ ಮಾಡತೊಡಗಿದಳು. ಕಿವಿ ಸುಡುತ್ತಿತ್ತು. ಒದ್ದೆ ಬೂಟಿನೊಳಗೆ ಬೆರಳುಗಳನ್ನು ಮಡಚಿ ಹಿಡಿದಿದ್ದಳು. ಇನ್ನೇನು ಮಾತು ಬೇರೆ ಕಡೆ ಹೋಗುತ್ತದೆ, ಯಾರೋ ರಸ್ತೆ ರಿಪೇರಿಯ ವಿಷಯ ಎತ್ತುತ್ತಾರೆ, ಕಾಫಿ ಎರಡನೇ ಸಲ ಬರುತ್ತದೆ, ಎಂದು ಕಾಯುತ್ತಿದ್ದಳು.

“ಬೆರೆಂಡ್” ಎಂದಳು ರೂಲ್ಫೀನ.

“ಏನಮ್ಮಾ?”

“ನಗು ಮುಗೀತಾ?” ಅವಳ ದನಿ ಅಂಗಡಿಯ ದನಿಯಾಗಿತ್ತು. “ನಾನು ಉಚ್ಚೆ ಹೊಯ್ತಿದ್ದೆ. ಪೊದೆ ಹಿಂದೆ. ಇವಳು ನನ್ನ ಎರಡೂ ಕೈ ಹಿಡ್ಕೊಂಡು ಹಾವಿನ ಕಡೆ ಬೆನ್ನು ಮಾಡಿ ನಿಂತಿದ್ಳು. ತಿರುಗಿದ್ರೆ ನಾನು ಬೀಳ್ತಿದ್ದೆ, ಅದಕ್ಕೆ ತಿರುಗ್ಲಿಲ್ಲ. ಟ್ರೂಡ, ಆ ವಾಸನೆ ಹಾವಿಂದಲ್ಲ, ನಂದು. ಅವಳ ಬೂಟಲ್ಲಿದೆ. ಇನ್ನೇನಾದ್ರೂ ತಿಳ್ಕೋಬೇಕಾ ಯಾರಿಗಾದ್ರೂ?”

ಯಾರಿಗೂ ಬೇಕಿರಲಿಲ್ಲ. ರೂಲ್ಫೀನ ಕುತ್ತಿಗೆ ನೇರ ಮಾಡಿಕೊಂಡು, ಕೆಂಪಗಾಗಿ, ಸುತ್ತಲಿನ ಒಂದೊಂದೇ ಮುಖವನ್ನು ಯಾವ ಸೈಜು ಬೇಕೆಂದು ಅಳೆಯುವವಳ ಹಾಗೆ ನೋಡುತ್ತ ಹೋದಳು. ಬೆರೆಂಡ್ ತನ್ನ ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ನಡುವೆ ಇಟ್ಟುಕೊಂಡ. ಟ್ರೂಡ ಒಳಗೆ ಹೋಗಿ ತನ್ನ ಗಂಡನ ಒಂದು ಜೊತೆ ಉಣ್ಣೆ ಕಾಲುಚೀಲ ತಂದು ಲಮ್ಮಿಯ ತೊಡೆಯ ಮೇಲಿಟ್ಟಳು. ಲಮ್ಮಿ ಎಲ್ಲರೆದುರೇ ಬೂಟು ಕಳಚಿ ಒಣ ಚೀಲ ಏರಿಸಿಕೊಂಡಳು. ತುಂಬ ದೊಡ್ಡದಿತ್ತು, ಬೆಚ್ಚಗಿತ್ತು. ಅಳು ಹೊರಬಂದರೆ ಮಾನ ಹೋಗುತ್ತದೆಂದು ಅವಳು ತನ್ನ ಮಡಚುಕುರ್ಚಿಯನ್ನು ಎತ್ತಿಕೊಂಡು, ದುಂಡನ್ನು ಮುರಿದು, ಕೋಣೆಯ ನಡುವಿನಿಂದಲೇ ನಡೆದುಹೋಗಿ ಅತ್ತೆಯ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಹಾಕಿ ಕೂತಳು.

“ಇನ್ನೊಂದ್ಸಲ ತೋರ್ಸಿ. ಮೊದಲಿಂದ. ಮೊದಲು ಎದ್ದಿದ್ದು ಯಾವುದು?”

“ಎಡಗಡೆಯದು.” ಅತ್ತೆ ಎಡಗೈ ಎತ್ತಿದಳು. ಬಿಸಿಲು ಮತ್ತೆ ಬಂದಿತ್ತೋ ಏನೋ, ಆ ಕೈಯ ನೀಲಿ ನರಗಳೆಲ್ಲ ಕಾಣುತ್ತಿದ್ದವು. ಬಲಗೈ ಎದ್ದಿತು, ಸುತ್ತಿತು. ತೂಗಿತು. ಒತ್ತಿತು. ಲಮ್ಮಿ ಕಣ್ಣು ಮಿಟುಕಿಸದೆ ನೋಡಿದಳು.

“ಆಮೇಲೆ? ಕೊನೆಗೆ ಯಾವುದು ಗೆದ್ದಿದ್ದು?”

ಕೈಗಳು ಗಾಳಿಯಲ್ಲೇ ನಿಂತವು. ರೂಲ್ಫೀನ ಯೋಚಿಸಿದಳು.

“ಅದು ನನಗೇನ್ ಗೊತ್ತು?” ಎಂದಳು. “ಅಷ್ಟು ಹೊತ್ತಿಗೆ ನೀನು ನನ್ನ ಪ್ಯಾಂಟು ಏರಿಸ್ತಿದ್ದೆ, ನಿನ್ನ ತಲೆ ಅಡ್ಡ ಬಂತು.”